ಡೆಬಿಯನ್ 10ರಿಂದ ನೇರ 12ಕ್ಕೆ: ಒಂದು ಗ್ರಂಥಾಲಯ ಸರ್ವರ್‌ನ ಪ್ರಕರಣ ಅಧ್ಯಯನ

ಮಲೆನಾಡಿನ ಒಂದು ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಹುಡುಕುವುದು ಎಲ್ಲವೂ ಕೋಹಾದಲ್ಲಿ ನಡೆಯುತ್ತದೆ. ಕೋಹಾ ಒಂದು ಮುಕ್ತ ತಂತ್ರಾಂಶ. ನ್ಯೂಜಿಲೆಂಡಿನ ಒಂದು ಗ್ರಂಥಾಲಯಕ್ಕಾಗಿ ಹುಟ್ಟಿದ್ದು, ಈಗ ನಮ್ಮ ರಾಜ್ಯದ ಬಹಳಷ್ಟು ಕಾಲೇಜುಗಳಲ್ಲೂ ಇದೆ. ಇಲ್ಲಿ ಅದು ಓಡುತ್ತಿದ್ದದ್ದು ಒಂದು ಹಳೆಯ ಡೆಸ್ಕ್‌ಟಾಪಿನ ಮೇಲೆ. ಅದರಲ್ಲಿ ಮೊದಲು ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 9ನೇ ಆವೃತ್ತಿ ಹಾಕಿದ್ದರು, ಆಮೇಲೆ 10ಕ್ಕೆ ಏರಿಸಿದ್ದರು. ಅಲ್ಲಿಂದ ಮುಂದೆ ಯಾರೂ ಕೈ ಹಚ್ಚಿರಲಿಲ್ಲ.

ಡೆಬಿಯನ್ 10 ಬಂದದ್ದು 2019ರ ಜುಲೈನಲ್ಲಿ. ಅದರ ದೀರ್ಘಾವಧಿ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಆಮೇಲೆ ಅದಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳಿಲ್ಲ. ಹಾಗಾಗಿ ಅಪ್‌ಗ್ರೇಡ್ ಮಾಡಬೇಕು ಅನ್ನುವ ನಿರ್ಧಾರ ನೂರಕ್ಕೆ ನೂರು ಸರಿ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಯುವಕರೊಬ್ಬರು ಭಾನುವಾರ ಗ್ರಂಥಾಲಯ ಮುಚ್ಚಿದ್ದಾಗ ಕೆಲಸ ಶುರು ಮಾಡಿದರು. ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಎಲ್ಲಿಂದ ತರಬೇಕು ಅಂತ ಹೇಳುವ ಸೋರ್ಸಸ್ ಲಿಸ್ಟ್ ಫೈಲಿನಲ್ಲಿ 'ಬಸ್ಟರ್' ಅಂತ ಇದ್ದ ಕಡೆಯೆಲ್ಲ 'ಬುಕ್‌ವರ್ಮ್' ಅಂತ ಬದಲಿಸಿದರು. ಬಸ್ಟರ್ ಅಂದರೆ ಡೆಬಿಯನ್ 10, ಬುಕ್‌ವರ್ಮ್ ಅಂದರೆ 12. ನಡುವಿನ 11, ಅಂದರೆ ಬುಲ್ಸ್‌ಐ, ಬಿಟ್ಟೇಹೋಯಿತು.

ಮೊದಲ ಎಚ್ಚರಿಕೆ ಅಲ್ಲೇ ಬಂತು. ಭದ್ರತಾ ಅಪ್‌ಡೇಟಿನ ಸಾಲು 'ಬುಕ್‌ವರ್ಮ್/ಅಪ್‌ಡೇಟ್ಸ್' ಅಂತ ಆಗಿತ್ತು. ಆ ಹೆಸರಿನ ಜಾಗವೇ ಡೆಬಿಯನ್ ಸರ್ವರಿನಲ್ಲಿ ಇಲ್ಲ ಅಂತ, ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಹೇಳಿತು. ಡೆಬಿಯನ್ 11ರಿಂದ ಆ ವಿಭಾಗದ ಹೆಸರು ಬದಲಾಗಿದೆ. ಈಗ ಅದು 'ಬುಕ್‌ವರ್ಮ್-ಸೆಕ್ಯುರಿಟಿ'. ಇದು 11ರ ಬಿಡುಗಡೆ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಇದೆ. ಆದರೆ 11ನ್ನು ದಾಟಿ ಹೋಗುವವರು ಆ ಟಿಪ್ಪಣಿ ಯಾಕೆ ಓದುತ್ತಾರೆ? ಆ ಯುವಕರು ಆ ಸಾಲಿನ ಮುಂದೆ ಹ್ಯಾಶ್ ಗುರುತು (#) ಹಾಕಿ, ಅಂದರೆ ಅದನ್ನು ನಿಷ್ಕ್ರಿಯ ಮಾಡಿ, ಮುಂದೆ ಹೋದರು. 'ಆಪ್ಟ್ ಫುಲ್-ಅಪ್‌ಗ್ರೇಡ್' ಕೊಟ್ಟರು. ಡೌನ್‌ಲೋಡ್ ಎಲ್ಲ ಮುಗಿದು, ಇನ್‌ಸ್ಟಾಲ್ ಶುರುವಾಗಿ, ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು.

ಆಗ ಆ ಯುವಕರಿಂದ ನನಗೆ ಫೋನ್ ಬಂತು, ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ. "ಸರ್, ಪರ್ಲ್ ಓಡ್ತಿಲ್ಲ. ಫೈಲ್ ಇಲ್ಲ ಅಂತಿದೆ. ಆದ್ರೆ ಪರ್ಲ್ ಇದೆ ಅಲ್ವಾ, ಕಣ್ಣಿಗೇ ಕಾಣ್ತಿದೆ."

ನಾನು ಮೊದಲು ಕೇಳಿದ್ದು, ರೀಬೂಟ್ ಮಾಡಿದ್ರಾ ಅಂತ. ಇಲ್ಲ ಅಂದರು. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರನಾಗಿ, ತೆರೆದ ಟರ್ಮಿನಲ್ ಹಾಗೇ ಇದೆಯಾ ಅಂದೆ. ಇದೆ ಅಂದರು. ಆ ಕಿಟಕಿ ಮುಚ್ಚಬೇಡಿ, ನಾನು ಬರ್ತೀನಿ ಅಂದೆ. ಈ ಪ್ರಕರಣ ಒಳ್ಳೆಯ ರೀತಿಯಲ್ಲಿ ಮುಗಿಯಲು ಅವರು ಗಾಬರಿಯಾಗಿ ಯಂತ್ರ ಆಫ್ ಮಾಡದೇ ಇದ್ದದ್ದೇ ಮುಖ್ಯ ಕಾರಣ. ಅದನ್ನು ನಾನು ಅವರಿಗೂ ಹೇಳಿದೆ.

ಪರದೆಯ ಕೊನೆಯ ಸಾಲಲ್ಲ, ಮೊದಲ ತಪ್ಪು

ಪರದೆಯ ಮೇಲೆ ಕೊನೆಯಲ್ಲಿ ಕಾಣುತ್ತಿದ್ದದ್ದು ಹೀಗೆ: ಲಿಬ್‌ಸಿ6 ಪ್ಯಾಕೇಜನ್ನು (ಗ್ನೂ ಸಿ ಲೈಬ್ರರಿ, ಅಂದರೆ ಬಹುತೇಕ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಂಡು ಬಳಸುವ ಕೋಡ್) ಕಾನ್ಫಿಗರ್ ಮಾಡುವಾಗ ದೋಷ, ಎಕ್ಸಿಟ್ ಸ್ಟೇಟಸ್ 127. ಅದರ ಕೆಳಗೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಓಡಿಸಿ ಅಂತ ಸಲಹೆ. ಅವರು ಅದನ್ನು ಓಡಿಸಿಯೂ ನೋಡಿದ್ದರು. ಅದೇ ಜಾಗದಲ್ಲಿ ಅದೇ ದೋಷ. ಎಷ್ಟು ಸಲ ಓಡಿಸಿದರೂ ಅಷ್ಟೇ.

ಇಂಥ ಹೊತ್ತಲ್ಲಿ ಕೊನೆಯ ಸಾಲನ್ನು ಹಿಡಿದುಕೊಂಡು ಹುಡುಕಲು ಹೋದರೆ ದಾರಿ ತಪ್ಪುತ್ತದೆ. ಕೊನೆಯ ಸಾಲು ಹೇಳುವುದು ಪರಿಣಾಮವನ್ನು. ಕಾರಣ ಮೇಲೆಲ್ಲೋ ಓಡಿಹೋಗಿರುತ್ತದೆ. ಅದೃಷ್ಟಕ್ಕೆ ಆಪ್ಟ್ ತನ್ನ ಪರದೆಯ ಮಾತನ್ನೆಲ್ಲ ವಾರ್ ಲಾಗ್ ಆಪ್ಟ್ ಫೋಲ್ಡರಿನ 'ಟರ್ಮ್.ಲಾಗ್' ಫೈಲಿನಲ್ಲಿ ಬರೆದಿಡುತ್ತದೆ. ಯಾವ ಪ್ಯಾಕೇಜ್ ಯಾವ ಕ್ಷಣದಲ್ಲಿ ಬಿಚ್ಚಿತು, ಯಾವಾಗ ಕಾನ್ಫಿಗರ್ ಆಯಿತು ಅನ್ನುವುದು, ಪ್ಯಾಕೇಜುಗಳನ್ನು ನಿಜವಾಗಿ ಡಿಸ್ಕಿಗೆ ಹಾಕುವ ಡಿಪಿಕೆಜಿಯ 'ಡಿಪಿಕೆಜಿ.ಲಾಗ್'ನಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆವು.

ಟರ್ಮ್.ಲಾಗ್‌ನಲ್ಲಿ ಮೊದಲ ತಪ್ಪು ಇದು: ಪರ್ಲ್ ಶುರುವಾಗಲು 'ಲಿಬ್‌ಕ್ರಿಪ್ಟ್.ಎಸ್‌ಓ.1' ಅನ್ನುವ ಲೈಬ್ರರಿ ಫೈಲ್ ಬೇಕು, ಅದು ಸಿಗುತ್ತಿಲ್ಲ. ಅಂದರೆ ಇಲ್ಲದ್ದು ಪರ್ಲ್ ಅಲ್ಲ, ಪರ್ಲ್‌ಗೆ ಬೇಕಾದ ಒಂದು ಫೈಲ್. ಆ 127 ಕೂಡ ಇದರಿಂದಲೇ. ಪ್ರೋಗ್ರಾಂಗೆ ಬೇಕಾದ ಲೈಬ್ರರಿ ಸಿಗದಿದ್ದರೆ ಲೋಡರ್ ಅದೇ ಸಂಖ್ಯೆ ಕೊಟ್ಟು ಹೊರಗೆ ಬರುತ್ತದೆ. ಲಿಬ್‌ಸಿ6ನ ಇನ್‌ಸ್ಟಾಲ್ ಸ್ಕ್ರಿಪ್ಟ್ ಬಳಕೆದಾರರಿಗೆ ಪ್ರಶ್ನೆ ಕೇಳಲು ಡೆಬ್‌ಕಾನ್ಫ್ ಬಳಸುತ್ತದೆ. ಡೆಬ್‌ಕಾನ್ಫ್ ಬರೆದಿರುವುದು ಪರ್ಲ್‌ನಲ್ಲಿ. ಪರ್ಲ್ ಸತ್ತರೆ ಆ ಸ್ಕ್ರಿಪ್ಟೂ ಸಾಯುತ್ತದೆ. ಸ್ಕ್ರಿಪ್ಟ್ ಮುಗಿಯದೆ ಲಿಬ್‌ಸಿ6 ಕಾನ್ಫಿಗರ್ ಆಗುವುದಿಲ್ಲ. ಲಿಬ್‌ಸಿ6 ಆಗದೆ ಬೇರೆ ಯಾವುದೂ ಮುಂದೆ ಹೋಗುವುದಿಲ್ಲ.

ಆ ಫೈಲ್ ಹೋಗಿದ್ದೆಲ್ಲಿಗೆ?

ಇದು ಈ ಪ್ರಕರಣದ ತಿರುಳು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡೆಬಿಯನ್ 10ರಲ್ಲಿ ಲಿಬ್‌ಕ್ರಿಪ್ಟ್.ಎಸ್‌ಓ.1 ಅನ್ನುವುದು ಲಿಬ್‌ಸಿ6 ಪ್ಯಾಕೇಜಿನ ಒಳಗೇ ಇತ್ತು. ಪಾಸ್‌ವರ್ಡನ್ನು ಹ್ಯಾಶ್ ಮಾಡುವ, ಅಂದರೆ ವಾಪಸ್ ಓದಲಾಗದ ಗುಪ್ತ ರೂಪಕ್ಕೆ ತಿರುಗಿಸುವ, ಕೆಲಸ ಅದರದ್ದು. ಗ್ನೂ ಸಿ ಲೈಬ್ರರಿಯ ಆ ಭಾಗ ಬಹಳ ಹಳೆಯದಾಗಿತ್ತು. ಅದರ ಬದಲು ಲಿಬ್‌ಎಕ್ಸ್‌ಕ್ರಿಪ್ಟ್ ಅನ್ನುವ ಪ್ರತ್ಯೇಕ ಯೋಜನೆ ಬೆಳೆದಿತ್ತು. ಫೆಡೋರಾ 2018ರಲ್ಲಿ ತನ್ನ 28ನೇ ಆವೃತ್ತಿಯಲ್ಲೇ ಅದಕ್ಕೆ ಬದಲಾಯಿತು. ಡೆಬಿಯನ್ 11ರಲ್ಲಿ ಬದಲಾಯಿತು. ಹೊಸ ಪಾಸ್‌ವರ್ಡ್‌ಗಳಿಗೆ ಯೆಸ್‌ಕ್ರಿಪ್ಟ್ ಅನ್ನುವ ಗಟ್ಟಿಯಾದ ವಿಧಾನ ಬಂದದ್ದೂ ಆ ಬದಲಾವಣೆಯಿಂದಲೇ. ಒಳ್ಳೆಯ ಬದಲಾವಣೆ. ಆದರೆ ಇದರಿಂದ ಆ ಒಂದು ಫೈಲ್ ಲಿಬ್‌ಸಿ6 ಬಿಟ್ಟು 'ಲಿಬ್‌ಕ್ರಿಪ್ಟ್1' ಅನ್ನುವ ಹೊಸ ಪ್ಯಾಕೇಜಿಗೆ ಹೋಯಿತು.

ಡಿಪಿಕೆಜಿ ಯಾವುದೇ ಪ್ಯಾಕೇಜನ್ನು ಎರಡು ಹಂತದಲ್ಲಿ ಹಾಕುತ್ತದೆ. ಮೊದಲು ಬಿಚ್ಚಿ ಫೈಲುಗಳನ್ನು ಜಾಗಕ್ಕೆ ಇಡುತ್ತದೆ. ಆಮೇಲೆ ಕಾನ್ಫಿಗರ್ ಮಾಡುತ್ತದೆ. ಒಂದು ಪ್ಯಾಕೇಜ್ ಇನ್ನೊಂದರ ಮೇಲೆ 'ಡಿಪೆಂಡ್ಸ್' ಅಂತ ಹೇಳಿದರೆ ಸಿಗುವ ಭರವಸೆ ಎರಡನೇ ಹಂತಕ್ಕೆ ಮಾತ್ರ. ಬಿಚ್ಚುವಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ ಅದು ಏನೂ ಹೇಳುವುದಿಲ್ಲ. ಬಿಚ್ಚುವ ಮೊದಲೇ ಬೇಕು ಅನ್ನಲು 'ಪ್ರೀ-ಡಿಪೆಂಡ್ಸ್' ಅನ್ನುವ ಬೇರೆ ಸಂಬಂಧವಿದೆ. ಇಲ್ಲಿ ಲಿಬ್‌ಸಿ6ಗೆ ಲಿಬ್‌ಕ್ರಿಪ್ಟ್1 ಬೇಕು, ಲಿಬ್‌ಕ್ರಿಪ್ಟ್1ಗೆ ಲಿಬ್‌ಸಿ6 ಬೇಕು. ಸುತ್ತು ಹಾಕಿಕೊಂಡ ಸಂಬಂಧ.

ನಮ್ಮ ಡಿಪಿಕೆಜಿ.ಲಾಗ್‌ನಲ್ಲಿ ಹೊಸ ಲಿಬ್‌ಸಿ6 ಮೊದಲು ಬಿಚ್ಚಿಕೊಂಡಿತ್ತು. ಹಳೆಯ ಲಿಬ್‌ಸಿ6ನಲ್ಲಿದ್ದ ಲಿಬ್‌ಕ್ರಿಪ್ಟ್.ಎಸ್‌ಓ.1 ಹೊಸದರಲ್ಲಿ ಇಲ್ಲ. ಹಾಗಾಗಿ ಡಿಪಿಕೆಜಿ ಅದನ್ನು ಅಳಿಸಿತು. ಅದರ ನಿಯಮದ ಪ್ರಕಾರ ಅದು ಸರಿಯೇ. ಲಿಬ್‌ಕ್ರಿಪ್ಟ್1 ಇನ್ನೂ ಬಿಚ್ಚಿರಲಿಲ್ಲ. ಹೊಸ ಕಂಬ ನೆಡುವ ಮೊದಲೇ ಹಳೆ ಕಂಬ ಕಿತ್ತ ಹಾಗಾಯಿತು. ಆ ನಡುವಿನ ಕ್ಷಣದಲ್ಲಿ ಯಾರಾದರೂ ಪರ್ಲ್ ಕರೆದರೆ ಮುಗಿಯಿತು. ಲಿಬ್‌ಸಿ6 ತಾನೇ ಕರೆಯಿತು.

ಇಲ್ಲಿ ಪ್ಯಾಕೇಜ್ ಮ್ಯಾನೇಜರ್ ಹಾಳು ಅಂತ ಬಯ್ಯುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಡೆಬಿಯನ್ ತಂಡ ಪರೀಕ್ಷೆ ಮಾಡಿ ಬೆಂಬಲ ಕೊಡುವುದು ಪಕ್ಕಪಕ್ಕದ ಆವೃತ್ತಿಗಳ ನಡುವಿನ ದಾರಿಗೆ. 10ರಿಂದ 11, 11ರಿಂದ 12. ಒಂದನ್ನು ಬಿಟ್ಟು ಹಾರಬೇಡಿ ಅಂತ ಬಿಡುಗಡೆ ಟಿಪ್ಪಣಿಗಳು ಹೇಳುವುದು ಸುಮ್ನೆ ಶಿಸ್ತಿಗಾಗಿ ಅಲ್ಲ. ಪ್ಯಾಕೇಜುಗಳ ನಡುವೆ ಬರೆದಿಟ್ಟ ಸಂಬಂಧಗಳು ಹಿಂದಿನ ಆವೃತ್ತಿಯನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದವು. ಎರಡು ಮೆಟ್ಟಿಲು ಕೆಳಗಿನಿಂದ ಬರುವ ಯಂತ್ರವನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ರೀಬೂಟ್ ಬೇಡ ಅಂದದ್ದು ಯಾಕೆ ಅನ್ನುವುದೂ ಈಗ ಗೊತ್ತಾಗುತ್ತದೆ. ಪಾಸ್‌ವರ್ಡ್ ಸರಿಯೇ ಅಂತ ನೋಡುವ ಪ್ಯಾಮ್ ಮಾಡ್ಯೂಲಿಗೂ ಇದೇ ಫೈಲ್ ಬೇಕು. ಅದಿಲ್ಲದೆ ಲಾಗಿನ್ ಇಲ್ಲ, ರೂಟ್ ಅಧಿಕಾರ ಪಡೆಯುವ ಎಸ್‌ಯು ಇಲ್ಲ, ಸುಡೋ ಕೂಡ ಪಾಸ್‌ವರ್ಡ್ ಒಪ್ಪುವುದಿಲ್ಲ. ದೂರದಿಂದ ಒಳಗೆ ಬರಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಪ್ರತಿ ಹೊಸ ಸಂಪರ್ಕಕ್ಕೂ ತನ್ನನ್ನು ಹೊಸದಾಗಿ ಶುರು ಮಾಡಿಕೊಳ್ಳುತ್ತದೆ, ಹಾಗಾಗಿ ಹೊಸ ಸಂಪರ್ಕವೂ ಬರುವುದಿಲ್ಲ. ಆಗಲೇ ತೆರೆದಿರುವ ರೂಟ್ ಶೆಲ್ ಒಂದೇ ಬಾಗಿಲು. ಅದನ್ನೂ ಮುಚ್ಚಿಬಿಟ್ಟಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಹೊರಗಿನಿಂದ ಫೈಲ್ ಇಡಬೇಕಿತ್ತು. ಅದೂ ಆಗುವ ಕೆಲಸವೇ, ಆದರೆ ಜಾಸ್ತಿ ಹೊತ್ತು.

ಮೊದಲ ಗಂಟು ಬಿಚ್ಚಿದ್ದು

ಏನನ್ನೂ ಮುಟ್ಟುವ ಮೊದಲು ಡೇಟಾ. ಕೋಹಾ ಪ್ಯಾಕೇಜ್ ದಿನಾ ತಾನಾಗೇ ಒಂದು ಬ್ಯಾಕಪ್ ತೆಗೆದು ಸ್ಪೂಲ್ ಫೋಲ್ಡರಿನಲ್ಲಿ ಇಡುತ್ತದೆ. ಆ ಫೈಲುಗಳನ್ನು, ಜೊತೆಗೆ ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರನ್ನು ಪೂರ್ತಿ, ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಇಟಿಸಿ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಇನ್ನು ಫೈಲ್. ಆಪ್ಟ್ ಇನ್‌ಸ್ಟಾಲ್ ಶುರು ಮಾಡುವ ಮೊದಲು ಎಲ್ಲ ಪ್ಯಾಕೇಜುಗಳನ್ನೂ ಡೌನ್‌ಲೋಡ್ ಮಾಡಿ ಇಟ್ಟಿರುತ್ತದೆ. ಹಾಗಾಗಿ ಲಿಬ್‌ಕ್ರಿಪ್ಟ್1ರ ಪ್ಯಾಕೇಜ್ ಫೈಲ್, ಅಂದರೆ ಡೆಬ್ ಫೈಲ್, ವಾರ್ ಕ್ಯಾಶ್ ಆಪ್ಟ್ ಆರ್ಕೈವ್ಸ್ ಫೋಲ್ಡರಿನಲ್ಲಿ ಆಗಲೇ ಇತ್ತು. ಇಲ್ಲದಿದ್ದರೆ 'ಆಪ್ಟ್ ಡೌನ್‌ಲೋಡ್ ಲಿಬ್‌ಕ್ರಿಪ್ಟ್1' ಸಾಕು. ಆಪ್ಟ್ ಬರೆದಿರುವುದು ಸಿ++ನಲ್ಲಿ, ಅದಕ್ಕೆ ಪರ್ಲ್ ಬೇಡ.

ಆ ಡೆಬ್ ಫೈಲನ್ನು 'ಡಿಪಿಕೆಜಿ-ಡೆಬ್ -ಎಕ್ಸ್' ಕೊಟ್ಟು ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿದೆವು. ಈ ಆಜ್ಞೆ ಯಾವ ಸ್ಕ್ರಿಪ್ಟನ್ನೂ ಓಡಿಸುವುದಿಲ್ಲ, ಪ್ಯಾಕೇಜ್ ದಾಖಲೆಯನ್ನೂ ಮುಟ್ಟುವುದಿಲ್ಲ. ಬರೀ ಫೈಲ್ ಹೊರಗೆ ತೆಗೆಯುತ್ತದೆ. ಮುರಿದ ಯಂತ್ರದ ಮೇಲೆ ಕೆಲಸ ಮಾಡುವಾಗ ನನಗೆ ಇಂಥ ಆಜ್ಞೆಗಳ ಮೇಲೇ ಹೆಚ್ಚು ನಂಬಿಕೆ. ಒಳಗೆ ಲಿಬ್‌ಕ್ರಿಪ್ಟ್.ಎಸ್‌ಓ.1.1.0 ಅನ್ನುವ ನಿಜವಾದ ಫೈಲ್ ಮತ್ತು ಅದಕ್ಕೆ ಲಿಬ್‌ಕ್ರಿಪ್ಟ್.ಎಸ್‌ಓ.1 ಅನ್ನುವ ಲಿಂಕ್ ಇದ್ದವು. ಎರಡನ್ನೂ ಲಿಂಕ್ ಲಿಂಕಾಗಿಯೇ ಉಳಿಯುವಂತೆ 'ಸಿಪಿ -ಎ' ಕೊಟ್ಟು, ಲಿಬ್ ಫೋಲ್ಡರಿನ ಒಳಗೆ 64 ಬಿಟ್ ಲೈಬ್ರರಿಗಳು ಇರುವ ಜಾಗಕ್ಕೆ ಹಾಕಿದೆವು. 'ಪರ್ಲ್ -ವಿ' ಕೊಟ್ಟೆ. ಆವೃತ್ತಿ ತೋರಿಸಿತು. ಇನ್ನೊಂದು ಕಿಟಕಿಯಲ್ಲಿ ಲಾಗಿನ್ ಆಗಿ ನೋಡಿದೆವು. ಆಯಿತು.

ಆಮೇಲೆ 'ಡಿಪಿಕೆಜಿ --ಕಾನ್ಫಿಗರ್ -ಎ', ಅದರ ಹಿಂದೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಈ ಸಲ ಲಿಬ್‌ಸಿ6 ಕಾನ್ಫಿಗರ್ ಆಯಿತು. ಲಿಬ್‌ಕ್ರಿಪ್ಟ್1 ಸರಿಯಾಗಿ ಇನ್‌ಸ್ಟಾಲ್ ಆಗಿ, ನಾವು ಕೈಯಲ್ಲಿ ಇಟ್ಟ ಫೈಲುಗಳ ಜಾಗದಲ್ಲಿ ತನ್ನವನ್ನು ಇಟ್ಟುಕೊಂಡಿತು.

ಅಂತರ್ಜಾಲದಲ್ಲಿ ಈ ದೋಷ ಹುಡುಕಿದರೆ 'ಡಿಪಿಕೆಜಿ --ಫೋರ್ಸ್-ಆಲ್' ಕೊಡಿ ಅನ್ನುವ ಸಲಹೆ ಸಿಗುತ್ತದೆ. ದಯವಿಟ್ಟು ಕೊಡಬೇಡಿ. ಅದು ಸಂಬಂಧಗಳನ್ನು ಸರಿ ಮಾಡುವುದಿಲ್ಲ, ಸಂಬಂಧಗಳಿವೆ ಅನ್ನುವುದನ್ನೇ ಕಡೆಗಣಿಸುತ್ತದೆ. ಆಮೇಲೆ ಯಂತ್ರ ಯಾವ ಸ್ಥಿತಿಯಲ್ಲಿದೆ ಅಂತ ಡಿಪಿಕೆಜಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ಎರಡನೇ ಗಂಟು: ಕೋಹಾವನ್ನೇ ತೆಗೆಯುತ್ತೇನೆ ಅಂದ ಆಪ್ಟ್

ಅಪ್‌ಗ್ರೇಡ್ ಮುಂದುವರಿಸುವ ಮೊದಲು 'ಆಪ್ಟ್ -ಎಸ್ ಫುಲ್-ಅಪ್‌ಗ್ರೇಡ್' ಕೊಟ್ಟೆವು. 'ಎಸ್' ಅಂದರೆ ಬರೀ ಅಭ್ಯಾಸದ ಓಟ, ಏನೂ ಬದಲಾಗುವುದಿಲ್ಲ. ಬಂದ ಪಟ್ಟಿಯಲ್ಲಿ 'ತೆಗೆಯಲಾಗುವ ಪ್ಯಾಕೇಜುಗಳು' ಅನ್ನುವ ಭಾಗ ನೋಡಿ ಗ್ರಂಥಪಾಲಕಿ ಮೇಡಂ ಮುಖ ಸಪ್ಪಗಾಯಿತು. ಕೋಹಾ-ಕಾಮನ್ ಅದರಲ್ಲಿತ್ತು. ಬೆಳಿಗ್ಗೆ ಮೊದಲ ಸಲ ಓಡಿಸಿದಾಗಲೂ ಆ ಹೆಸರು ಪಟ್ಟಿಯಲ್ಲಿ ಇದ್ದಿರಬೇಕು, ಆದರೆ ಪರದೆ ತುಂಬ ಓಡಿಹೋದ ಹೆಸರುಗಳಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಿಬ್‌ಕ್ರಿಪ್ಟ್ ತೊಂದರೆಯಿಂದ ಕೆಲಸ ಅರ್ಧಕ್ಕೆ ನಿಂತದ್ದೇ ಒಳ್ಳೆಯದಾಯಿತು ಅಂತ ನನಗೆ ಅನಿಸಿತು.

ಅವರಿಗೆ ಒಂದು ವಿಷಯ ಮೊದಲೇ ಹೇಳಿದೆ. 'ರಿಮೂವ್' ಆದರೆ ಡೇಟಾಬೇಸ್ ಹೋಗುವುದಿಲ್ಲ, ಇಟಿಸಿಯ ಸೆಟ್ಟಿಂಗ್ ಫೈಲುಗಳೂ ಉಳಿಯುತ್ತವೆ. ಸೆಟ್ಟಿಂಗ್ ಸಮೇತ ಅಳಿಸುವ 'ಪರ್ಜ್' ಮಾತ್ರ ಬೇರೆ ಮಾತು. ಆದರೂ ತೆಗೆದು ಮತ್ತೆ ಹಾಕುವ ಅಗತ್ಯವೇ ಬರಬಾರದು.

ಯಾಕೆ ತೆಗೆಯಲು ಹೊರಟಿದೆ? ಆಪ್ಟ್ ಹೇಳುವ ಒಂದು ಮಾತು ಬಹಳ ಜನರನ್ನು ಗೊಂದಲಕ್ಕೆ ಹಾಕುತ್ತದೆ: ನಿಮ್ಮಲ್ಲಿ 'ಹೆಲ್ಡ್ ಬ್ರೋಕನ್ ಪ್ಯಾಕೇಜುಗಳು' ಇವೆ ಅಂತ. ಯಾವುದನ್ನೂ ಹೋಲ್ಡ್ ಮಾಡದಿದ್ದರೂ, ಅಂದರೆ ಬದಲಾಗದಂತೆ ತಡೆಹಿಡಿಯದಿದ್ದರೂ, ಈ ಮಾತು ಬರಬಹುದು. ಹಾಗಾಗಿ ಊಹೆ ಬೇಡ, 'ಆಪ್ಟ್-ಮಾರ್ಕ್ ಶೋಹೋಲ್ಡ್' ಕೊಟ್ಟು ನೋಡುವುದು ಒಳ್ಳೆಯದು. ಇಲ್ಲಿ ನಿಜಕ್ಕೂ ಒಂದು ಹೋಲ್ಡ್ ಇತ್ತು. ಕೋಹಾದ ಡೇಟಾಬೇಸ್ ನಡೆಸುವ ಮಾರಿಯಾಡಿಬಿ 10.3 ಸರ್ವರ್. ಹಿಂದೆ ಯಾರೋ ಡೇಟಾಬೇಸ್ ತಾನಾಗೇ ಬದಲಾಗಬಾರದು ಅಂತ ಮಾಡಿದ್ದು. ಆಗ ಅದು ಸರಿ ಇದ್ದಿರಬಹುದು. ಈಗ ಅದೇ ಅಡ್ಡ ನಿಂತಿತ್ತು. ಡೆಬಿಯನ್ 12ರಲ್ಲಿ ಇರುವುದು ಮಾರಿಯಾಡಿಬಿ 10.11. ಅದರ ಕ್ಲೈಂಟ್ ಪ್ಯಾಕೇಜ್ ಹಳೆಯ 10.3 ಕ್ಲೈಂಟಿನ ಜೊತೆ ಇರಲಾರದು. ಹೋಲ್ಡ್ ಆದ ಸರ್ವರಿಗೆ ಹಳೆಯ ಕ್ಲೈಂಟೇ ಬೇಕು.

ಎರಡನೇ ಕಾರಣ ಕೋಹಾದ್ದೇ ಆಕರ, ಅಂದರೆ ಕೋಹಾ ಪ್ಯಾಕೇಜುಗಳನ್ನು ತರುವ ಜಾಗ. ಸೋರ್ಸಸ್ ಲಿಸ್ಟಿನ ಪಕ್ಕದ ಫೈಲಿನಲ್ಲಿ ಕೋಹಾ ಹಳೆಯ ಆವೃತ್ತಿಯ ಸಂಖ್ಯೆಗೇ ನಿಂತಿತ್ತು. ಆ ಆವೃತ್ತಿ ಕೇಳುವ ಕೆಲವು ಪ್ಯಾಕೇಜುಗಳು ಬುಕ್‌ವರ್ಮ್‌ನಲ್ಲಿ ಇಲ್ಲ.

ಮೂರನೇದು ಹುಡುಕಲು ಹೊತ್ತು ಹಿಡಿಯಿತು. 'ಡೀಬಗ್ ಪಿಕೆಜಿ ಪ್ರಾಬ್ಲಂ ರಿಸಾಲ್ವರ್' ಅನ್ನುವ ಆಯ್ಕೆ ಆನ್ ಮಾಡಿದರೆ ಆಪ್ಟ್ ತಾನು ಯಾಕೆ ಹೀಗೆ ತೀರ್ಮಾನ ಮಾಡಿದೆ ಅಂತ ಸಾಲುಸಾಲಾಗಿ ಹೇಳುತ್ತದೆ. ಓದಲು ಕಷ್ಟ, ಆದರೆ ಸತ್ಯ ಅಲ್ಲೇ ಇರುತ್ತದೆ. ಅದರಲ್ಲಿ ಮತ್ತೆ ಮತ್ತೆ 'ಪರ್ಲ್‌ಎಪಿಐ-5.28' ಅಂತ ಶುರುವಾಗುವ ಹೆಸರು ಬರುತ್ತಿತ್ತು. ಆ ಹೆಸರಿನ ಪ್ಯಾಕೇಜ್ ಹುಡುಕಿದರೆ ಸಿಗುವುದಿಲ್ಲ. ಅದೊಂದು ವರ್ಚುವಲ್ ಹೆಸರು. ಸಿ ಭಾಷೆಯ ಭಾಗ ಇರುವ ಪರ್ಲ್ ಮಾಡ್ಯೂಲುಗಳು ಯಾವ ಪರ್ಲ್ ಆವೃತ್ತಿಗೆ ಕಟ್ಟಲ್ಪಟ್ಟಿವೆಯೋ ಅದರಲ್ಲೇ ಓಡುತ್ತವೆ. ಅದನ್ನು ಹೇಳಲು ಈ ಹೆಸರು. ಡೆಬಿಯನ್ 10ರ ಪರ್ಲ್ 5.28, 11ರದ್ದು 5.32, 12ರದ್ದು 5.36. ಹೊಸ ಪರ್ಲ್ ಬಂದರೆ 5.28ರ ಹೆಸರು ಕೊಡುವವರೇ ಇಲ್ಲ.

ಹಾಗಾದರೆ 5.28 ಕೇಳುತ್ತಿರುವವರು ಯಾರು? ಬಾರ್‌ಕೋಡ್ ಲೇಬಲ್ ಮುದ್ರಿಸಲು ಹಿಂದೆ ಯಾರೋ ಸ್ಥಳೀಯವಾಗಿ ಕಟ್ಟಿ ಹಾಕಿದ ಒಂದು ಮಾಡ್ಯೂಲ್. 'ಆಪ್ಟ್ ಪಾಲಿಸಿ' ಕೊಟ್ಟಾಗ ಅದಕ್ಕೆ ಯಾವ ಆಕರವೂ ಕಾಣಲಿಲ್ಲ. ಡಿಸ್ಕಿನಲ್ಲಿ ಇನ್‌ಸ್ಟಾಲ್ ಆದ ಪ್ರತಿ ಒಂದೇ. ಅಂದರೆ ಅದಕ್ಕೆ ಎಂದೂ ಹೊಸ ಆವೃತ್ತಿ ಬರುವುದಿಲ್ಲ. ಅದನ್ನು ಉಳಿಸಬೇಕು ಅಂದರೆ ಹಳೆ ಪರ್ಲ್ ಉಳಿಯಬೇಕು. ಕೋಹಾ ಬರೆದಿರುವುದೂ ಪರ್ಲ್‌ನಲ್ಲೇ, ಹಾಗಾಗಿ ಹಳೆ ಪರ್ಲ್ ಉಳಿದರೆ ಹೊಸ ಕೋಹಾ ಬರುವಂತಿಲ್ಲ. ಲೇಬಲ್ ಮುದ್ರಣ ಈಗ ಕೋಹಾದ ಒಳಗೇ ಇರುವ ಸೌಲಭ್ಯದಲ್ಲಿ ಮಾಡುತ್ತೇವೆ ಅಂತ ಮೇಡಂ ಹೇಳಿದರು. ಆ ಮಾಡ್ಯೂಲನ್ನು ಯಾರೂ ಬಳಸುತ್ತಲೇ ಇರಲಿಲ್ಲ.

ಅದನ್ನು ತೆಗೆದೆವು. ಡೇಟಾಬೇಸಿನ ಹೊಸ ಡಂಪ್ ತೆಗೆದು, ಅದನ್ನು ಸರಿಯಾಗಿ ನಿಲ್ಲಿಸಿ, ಮಾರಿಯಾಡಿಬಿ ಹೋಲ್ಡ್ ಬಿಡಿಸಿದೆವು. ಕೋಹಾ ಆಕರದ ಸಾಲನ್ನು ಡೆಬಿಯನ್ 12ಕ್ಕೆ ಬೆಂಬಲ ಇರುವ ಆವೃತ್ತಿಗೆ ಬದಲಿಸಿದೆವು. ಅಲ್ಲಿ 'ಸ್ಟೇಬಲ್' ಅಂತ ಬರೆಯಲಿಲ್ಲ, ಆವೃತ್ತಿ ಸಂಖ್ಯೆ ಬರೆದೆವು. ಸ್ಟೇಬಲ್ ಅಂತ ಬರೆದರೆ ನಮಗೆ ಗೊತ್ತಿಲ್ಲದೆ ಒಂದು ದಿನ ಅದು ಮುಂದಿನ ಆವೃತ್ತಿಗೆ ಹೋಗಿರುತ್ತದೆ. ಹ್ಯಾಶ್ ಹಾಕಿದ್ದ ಭದ್ರತಾ ಸಾಲನ್ನು ಸರಿಯಾದ ಹೆಸರಿನಲ್ಲಿ ಮತ್ತೆ ತಂದೆವು. 'ನಾನ್-ಫ್ರೀ-ಫರ್ಮ್‌ವೇರ್' ಅನ್ನುವ ವಿಭಾಗವನ್ನೂ ಸೇರಿಸಿದೆವು. ಡೆಬಿಯನ್ 12ರಲ್ಲಿ ಫರ್ಮ್‌ವೇರ್‌ಗಳು ಅಲ್ಲಿಗೆ ಹೋಗಿವೆ, ಈ ಯಂತ್ರದ ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡಿಗೆ ಅದು ಬೇಕು.

ಮತ್ತೆ ಅಭ್ಯಾಸದ ಓಟ. ಈಗ ಕೋಹಾ-ಕಾಮನ್ ತೆಗೆಯುವ ಪಟ್ಟಿಯಲ್ಲಿ ಇರಲಿಲ್ಲ, ಏರಿಸುವ ಪಟ್ಟಿಯಲ್ಲಿ ಇತ್ತು. ಆಮೇಲೆ ನಿಜವಾದ ಓಟ. ಹಳೆಯ ಯಂತ್ರವಾದ್ದರಿಂದ ಬಿನ್, ಲಿಬ್ ಫೋಲ್ಡರುಗಳನ್ನು ಯುಎಸ್‌ಆರ್ ಒಳಗೆ ಸೇರಿಸುವ ಯುಎಸ್‌ಆರ್-ಮರ್ಜ್ ಕೆಲಸವೂ ಇದೇ ಓಟದಲ್ಲಿ ಆಯಿತು. ಅದೂ ಪರ್ಲ್ ಸ್ಕ್ರಿಪ್ಟೇ.

ಕನ್ನಡ ಹುಡುಕಾಟ

ಅಪ್‌ಗ್ರೇಡ್ ನಡುವೆ ಡಿಪಿಕೆಜಿ ಒಂದು ಪ್ರಶ್ನೆ ಕೇಳಿತು. ಕೋಹಾದ ಜೀಬ್ರಾ ಹುಡುಕಾಟದ 'ಡಿಫಾಲ್ಟ್.ಐಡಿಎಕ್ಸ್' ಫೈಲನ್ನು ನೀವು ಬದಲಿಸಿದ್ದೀರಿ, ಹೊಸ ಪ್ಯಾಕೇಜಿನ ಫೈಲ್ ಹಾಕಲೇ, ನಿಮ್ಮದನ್ನೇ ಉಳಿಸಲೇ? ಹೆಚ್ಚಿನವರು ಇಲ್ಲಿ ಯೋಚಿಸದೆ 'ವೈ' ಒತ್ತುತ್ತಾರೆ. ಒತ್ತಿದ್ದರೆ ಈ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಹುಡುಕಾಟ ಕೆಟ್ಟುಹೋಗುತ್ತಿತ್ತು. ಜೀಬ್ರಾ ಸಾಮಾನ್ಯವಾಗಿ ಬಳಸುವ ಅಕ್ಷರ ಪಟ್ಟಿ ಲ್ಯಾಟಿನ್ ಲಿಪಿಗೆ ಸಾಕು. ಕನ್ನಡದಂಥ ಲಿಪಿಗೆ ಐಸಿಯು ಅನ್ನುವ ವ್ಯವಸ್ಥೆಗೆ ಬದಲಿಸಬೇಕು, ಅದನ್ನು ಬದಲಿಸುವುದು ಇದೇ ಫೈಲಿನಲ್ಲಿ. ಹಿಂದಿನವರು ಅದನ್ನು ಮಾಡಿದ್ದರು. ಆದರೆ ಎಲ್ಲೂ ಬರೆದಿಟ್ಟಿರಲಿಲ್ಲ. ಇಟಿಸಿ ಫೋಲ್ಡರನ್ನು ಮೊದಲೇ ನಕಲು ಮಾಡಿಕೊಂಡದ್ದು ಇದಕ್ಕಾಗಿ.

ಎರಡು ಫೈಲುಗಳ ವ್ಯತ್ಯಾಸ ನೋಡಿ, ನಮ್ಮದನ್ನೇ ಉಳಿಸಿಕೊಂಡೆವು. ಹೊಸದನ್ನು ಡಿಪಿಕೆಜಿ ಪಕ್ಕದಲ್ಲೇ 'ಡಿಪಿಕೆಜಿ-ಡಿಸ್ಟ್' ಅನ್ನುವ ಬಾಲ ಸೇರಿಸಿ ಇಟ್ಟಿತು. ಇಡೀ ಸೂಚಿಯನ್ನು 'ಕೋಹಾ-ರೀಬಿಲ್ಡ್-ಜೀಬ್ರಾ' ಕೊಟ್ಟು ಹೊಸದಾಗಿ ಕಟ್ಟಿದೆವು. ಮೇಡಂ ಕೂತು ಲೇಖಕರ ಹೆಸರು, ಶೀರ್ಷಿಕೆ, ಒತ್ತಕ್ಷರ ಇರುವ ಪದ, ಅರ್ಧ ಟೈಪ್ ಮಾಡಿದ ಪದ ಎಲ್ಲ ಹುಡುಕಿ ನೋಡಿದರು. ಈ ಪರೀಕ್ಷೆಯನ್ನು ಗ್ರಂಥಾಲಯದವರೇ ಮಾಡಬೇಕು ಅಂತ ನಾನು ಬಲವಾಗಿ ಹೇಳುತ್ತೇನೆ. ಪ್ಯಾಕೇಜುಗಳೆಲ್ಲ ಸರಿಯಾಗಿವೆ ಅಂತ ಆಪ್ಟ್ ಹೇಳಬಹುದು. ಓದಲು ಬಂದ ವಿದ್ಯಾರ್ಥಿಗೆ ಪುಸ್ತಕ ಸಿಗುತ್ತದೆಯೇ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಪರ್ಲ್ ಮಾಡ್ಯೂಲುಗಳ ಅಂತರ್ಜಾಲ ಭಂಡಾರವಾದ ಸಿಪ್ಯಾನ್ ಮೂಲಕ ಹಾಕಿದ ಮಾಡ್ಯೂಲುಗಳ ಬಗ್ಗೆ ಒಂದು ಮಾತು. ಅವು ಕೂರುವುದು ಯುಎಸ್‌ಆರ್ ಲೋಕಲ್ ಒಳಗೆ, ಪರ್ಲ್ ಆವೃತ್ತಿಯ ಹೆಸರಿನ ಫೋಲ್ಡರಿನಲ್ಲಿ. ಪರ್ಲ್ ಬದಲಾದರೆ ಹೊಸ ಪರ್ಲ್ ಆ ಹಳೆ ಫೋಲ್ಡರಿನತ್ತ ನೋಡುವುದೇ ಇಲ್ಲ. ಡಿಪಿಕೆಜಿಗೆ ಅವುಗಳ ಲೆಕ್ಕವೂ ಇಲ್ಲದ್ದರಿಂದ ಯಾವ ಎಚ್ಚರಿಕೆಯೂ ಬರುವುದಿಲ್ಲ. ಇಲ್ಲಿ ಅಂಥ ಒಂದು ಮಾಡ್ಯೂಲ್ ಸಿಕ್ಕಿತು. ಅದೇ ಮಾಡ್ಯೂಲ್ ಡೆಬಿಯನ್ ಪ್ಯಾಕೇಜಾಗಿಯೂ ಇತ್ತು, ಅದನ್ನೇ ಹಾಕಿದೆವು. ಮುಂದಿನ ಸಲ ಆಪ್ಟ್ ಅದನ್ನು ನೋಡಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ರೀಬೂಟ್ ಮಾಡಿದೆವು, ಯಂತ್ರ ಸರಿಯಾಗಿ ಎದ್ದಿತು. ಆಕರ ಇಲ್ಲದೆ ಉಳಿದ ಹಳೆ ಪ್ಯಾಕೇಜುಗಳನ್ನು 'ಆಪ್ಟ್ ಲಿಸ್ಟ್'ಗೆ 'ಅಬ್ಸೊಲೀಟ್' ಅನ್ನುವ ಷರತ್ತು ಕೊಟ್ಟು ಪಟ್ಟಿ ಮಾಡಿ, ಒಂದೊಂದಾಗಿ ನೋಡಿ ತೆಗೆದೆವು.

ಹಳೆಯ ಬ್ಯಾಕಪ್ಪಿನಿಂದ ಒಂದು ವರ್ಚುವಲ್ ಮಷೀನಿನಲ್ಲಿ ಡೆಬಿಯನ್ 10ರ ಕೋಹಾವನ್ನು ಮತ್ತೆ ಕಟ್ಟಿ, ಆ ಲ್ಯಾಬಿನವರ ಕೈಯಲ್ಲೇ 10ರಿಂದ 11, 11ರಿಂದ 12 ಅಂತ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಲಿಬ್‌ಕ್ರಿಪ್ಟ್ ತೊಂದರೆ ಬರಲಿಲ್ಲ. ಮಾರಿಯಾಡಿಬಿ ಹೋಲ್ಡ್ ಮತ್ತು ಪರ್ಲ್‌ಎಪಿಐ ಗಂಟು ಮಾತ್ರ 11ರಲ್ಲೇ ಬಂದವು, ಅವರೇ ಬಿಡಿಸಿದರು. ಡೆಬಿಯನ್ 12ಕ್ಕೆ 2028ರ ಜೂನ್ ತನಕ ದೀರ್ಘಾವಧಿ ಬೆಂಬಲ ಇದೆ. 13 ಬಂದದ್ದು 2025ರ ಆಗಸ್ಟ್ 9ರಂದು. ಅದರಲ್ಲಿ 2038ರ ಸಮಯದ ಸಮಸ್ಯೆಗಾಗಿ (32 ಬಿಟ್ ಸಮಯದ ಎಣಿಕೆ ಆ ವರ್ಷ ತುಂಬಿಹೋಗುತ್ತದೆ) ಎಷ್ಟೋ ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ 'ಟಿ64' ಸೇರಿದೆ. ಸ್ಥಳೀಯವಾಗಿ ಕಟ್ಟಿದ ಪ್ಯಾಕೇಜುಗಳು ಹಳೆ ಹೆಸರು ಹಿಡಿದುಕೊಂಡು ಅಲ್ಲೂ ಅಡ್ಡ ಬರಬಹುದು. ಆ ಮೆಟ್ಟಿಲನ್ನು ಬೇಸಿಗೆ ರಜೆಯಲ್ಲಿ ಹತ್ತೋಣ, ಮೊದಲು ವರ್ಚುವಲ್ ಮಷೀನಿನಲ್ಲಿ ಅಂತ ಮೇಡಂ ಜೊತೆ ಮಾತಾಗಿದೆ. ಅದನ್ನು ಲ್ಯಾಬಿನವರೇ ಮಾಡುತ್ತಾರೆ.